ಒಂಬತ್ತು ಹಾಡಿನ ಬುದ್ಧಿಯೋರು

ಆಗ ನನಗೆ ಅರವತ್ತೊಂದು. ಹತ್ತು ವರ್ಷವಾಯಿತು. ಗುಂಡ್ಲುಪೇಟೆ ಕಡೆಯ ಹಂಗಳದಿಂದ ಒಳಕ್ಕೆ, ಕಾಡಿನ ಅಂಚಿನಲ್ಲಿ ಒಂದು ಸಣ್ಣ ಮಠ. ಅಲ್ಲಿ ಅಂಗಳ ಗುಡಿಸುವುದು, ದಾಸೋಹದ ಪಾತ್ರೆ ಬೆಳಗುವುದು, ಬೆಳಿಗ್ಗೆ ಸ್ವಾಮಿಗಳ ಕೋಣೆಗೆ ಹಾಲು ಇಡುವುದು ನನ್ನ ಕೆಲಸ. ನಮ್ಮ ಕಡೆ ಸ್ವಾಮಿಗಳನ್ನು ಬುದ್ಧಿ ಅನ್ನುತ್ತೇವೆ, ಹೆಸರು ಹಿಡಿದು ಕರೆಯುವುದಿಲ್ಲ. ಇಲ್ಲಿಯೂ ಹೆಸರು ಬರೆಯುವುದಿಲ್ಲ.

ಹೋದ ತಿಂಗಳು ಅವರು ತೀರಿಕೊಂಡರು. ಲಿಂಗೈಕ್ಯರಾದರು ಅನ್ನಬೇಕು. ಮೂವತ್ತಾರು ವರ್ಷ. ಎದೆ ನೋವು ಅಂದರಂತೆ, ಮೈಸೂರಿಗೆ ಅಂತ ಕಾರಿನಲ್ಲಿ ಹೊರಟರಂತೆ, ಗುಂಡ್ಲುಪೇಟೆ ದಾಟುವಷ್ಟರಲ್ಲಿ ಮುಗಿದಿತ್ತು. ನಾನು ಮಣ್ಣಿಗೆ ಹೋಗಿದ್ದೆ. ನಮ್ಮಲ್ಲಿ ಸ್ವಾಮಿಗಳನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ ಕೂರಿಸಿ, ಸುತ್ತ ವಿಭೂತಿ ಗಟ್ಟಿ ತುಂಬುತ್ತಾರೆ. ಬದುಕಿದ್ದಷ್ಟು ದಿನ ಕೂರಿಸಿದ್ದರು, ಆಮೇಲೂ ಕೂರಿಸಿದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಈಗ ಸ್ಮರಣ ಸಂಚಿಕೆ ತರುತ್ತಾರಂತೆ. ಒಬ್ಬ ಮೇಷ್ಟರು ಮೊಬೈಲ್ ಮುಂದೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದರು.

“ಅಜ್ಜಿ, ಬುದ್ಧಿಯೋರು ಪಟ್ಟಕ್ಕೆ ಮುಂಚೆ ವೇಷ ಮರೆಸ್ಕೊಂಡು ಬಸ್ಸಲ್ಲಿ ಭಕ್ತರ ಕಷ್ಟ ನೋಡಕ್ಕ ಹೋಗಿದ್ರಲ್ಲ, ಆ ಕಥೆ ಹೇಳಿ. ನೀವು ಜೊತೇಲಿದ್ರಂತಲ್ಲ.”

ಜೊತೆಯಲ್ಲಿದ್ದದ್ದು ನಿಜ. ಕಥೆ ಸುಳ್ಳು. ಮೇಷ್ಟರಿಗೆ ಕಾಫಿ ಕೊಟ್ಟು, ಎರಡು ಒಳ್ಳೆಯ ಮಾತು ಹೇಳಿ ಕಳಿಸಿದೆ. ನಿಜ ಏನು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಅಕ್ಷರ ಹತ್ತಿದ್ದು ವಯಸ್ಕರ ಶಾಲೆಯಲ್ಲಿ. ಒತ್ತು ದೀರ್ಘ ಮೊಮ್ಮಗಳು ನೋಡಿಕೊಳ್ಳುತ್ತಾಳೆ.

ದೊಡ್ಡ ಬುದ್ಧಿಯೋರು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಅವರಾದ ಮೇಲೆ ಪೀಠಕ್ಕೆ ಕೂರಬೇಕಾದವರು ಇವರು. ಅಲ್ಲಿಯವರೆಗೆ ಇವರನ್ನು ಮರಿಬುದ್ಧಿ ಅನ್ನುತ್ತಿದ್ದರು. ಅವರ ವಂಶದಿಂದ ತಲೆಮಾರಿಗೊಬ್ಬ ಗಂಡುಮಗನನ್ನು ಆ ಮಠಕ್ಕೆ ಬಿಡುವುದು ಪದ್ಧತಿ. ಮೊದಲು ಅಣ್ಣನನ್ನು ಕೇಳಿದ್ದರಂತೆ. ಅವನಿಗೆ ಮಾತು ತೊದಲು, ಪ್ರವಚನಕ್ಕೆ ಆಗುವುದಿಲ್ಲ ಅಂತ ಒಂಬತ್ತು ವರ್ಷದ ಇವರನ್ನು ಕರೆತಂದರು. ಆಗ ಇವರು ಎರಡು ದಿನ ಹುಣಸೆಮರ ಹತ್ತಿ ಕೂತಿದ್ದರು ಅಂತ ಹಳಬರು ನಗುನಗುತ್ತಾ ಹೇಳುತ್ತಿದ್ದರು. ಇಳಿಸಿದ್ದು ಹೇಗೆ ಅಂತ ಕೇಳಿದರೆ, ಹಸಿವಾಯಿತು ಇಳಿದರು ಅನ್ನುತ್ತಿದ್ದರು.

ಕಡ್ಡಿ ಮೈ. ಕಾವಿ ಬಟ್ಟೆ ಅವರ ಮೇಲೆ ಒಣಹಾಕಿದ ಹಾಗೆ ಇರುತ್ತಿತ್ತು. ಕಾಲಿಗೆ ಬಿದ್ದವರು ಏಳುವುದರೊಳಗೆ ಅವರ ಕಣ್ಣು ಬೇರೆಲ್ಲೋ ಹೋಗಿರುತ್ತಿತ್ತು. ಯಾರು ಏನು ಕೇಳಿದರೂ “ಒಳ್ಳೇದಾಗ್ಲಿ” ಅನ್ನುವರು. ಒಬ್ಬ ರೈತ ಬಂದು ನಮ್ಮ ಹಸು ಸತ್ತೋಯ್ತು ಬುದ್ಧಿ ಅಂದಾಗಲೂ “ಒಳ್ಳೇದಾಗ್ಲಿ” ಅಂದುಬಿಟ್ಟರು. ಅವನು ಅದಕ್ಕೂ ಕೈಮುಗಿದು ಹೋದ. ಆಮೇಲೆ ಕೋಣೆಯೊಳಗೆ ಅವರು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕರು. ನಗು ನಿಲ್ಲುವ ಹೊತ್ತಿಗೆ ಕಣ್ಣಲ್ಲಿ ನೀರಿತ್ತು.

ಒಬ್ಬರೇ ಇರುವುದು ಅವರಿಗೆ ಇರಲಿಲ್ಲ. ಬಯಲಿಗೆ ಹೋದರೂ ಚೊಂಬು ಹಿಡಿದು ಒಬ್ಬ ಹಿಂದೆ. ತೋಟಕ್ಕೆ ಹೋದರೆ ಕೊಡೆ ಹಿಡಿದು ಒಬ್ಬ ಹಿಂದೆ. ವರ್ಷಕ್ಕೊಂದು ಸಲ ಸಂತೆಮರಹಳ್ಳಿ ಕಡೆಯಿಂದ ಅವರ ತಾಯಿ ಬರುತ್ತಿದ್ದರು, ಒಂದು ಡಬ್ಬಿ ಕಜ್ಜಾಯ ಹಿಡಿದು. ಮಠಕ್ಕೆ ಬಿಟ್ಟ ಮೇಲೆ ಮಗ ಮಗನಲ್ಲ. ಹೆತ್ತವಳೂ ಕಾಲಿಗೆ ಬೀಳಬೇಕು. ಬಿದ್ದು, “ಬುದ್ಧೀ, ಆರೋಗ್ಯವಾಗಿದ್ದೀರಾ?” ಅನ್ನುತ್ತಿದ್ದರು. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೈ ಎತ್ತುತ್ತಿದ್ದರು. ತಾಯಿ ಹೋದ ಮೇಲೆ ಡಬ್ಬಿ ಪೂರ್ತಿ ನನ್ನ ಕೈಗೆ.

“ಒಂದಾದ್ರೂ ತಿನ್ನಿ ಬುದ್ಧಿ. ಅವ್ವ ಮಾಡ್ಕೊಂಡ್ ಬಂದವ್ರ.”

“ಕಾಣಿಕೆ ಅಂತ ಕೊಟ್ಟವ್ರೆ ಅವ್ವ. ಕಜ್ಜಾಯ ಅಂತ ಕೊಟ್ಟಿದ್ರೆ ತಿಂತಿದ್ದೆ.”

ನನ್ನನ್ನು ಅವರು ಅವ್ವ ಅನ್ನುತ್ತಿದ್ದರು. ಎಲ್ಲರೆದುರು ಅಲ್ಲ.

ಒಂದು ಬೆಳಿಗ್ಗೆ ಹಾಲು ಇಡಲು ಹೋದಾಗ ಕಣ್ಣು ಮುಚ್ಚಿ ಕೂತಿದ್ದರು. ಪೂಜೆ ಅಂದುಕೊಂಡು ಬಾಗಿಲಲ್ಲೇ ನಿಂತೆ. ನೋಡಿದರೆ ಕಿವಿಯಲ್ಲಿ ವೈರು. ಬಲಗೈ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಆದರೆ ಯಾವ ತಾಳವೂ ಅಲ್ಲ. ಎರಡು ಬಡಿತ, ಬಿಡುವು, ಐದು ಬಡಿತ, ಮತ್ತೆ ಬಿಡುವು. ಕಣ್ಣು ಬಿಟ್ಟು ನನ್ನನ್ನು ಕಂಡು ಬೆದರಿದರು. ನಾನು ಯಾರಿಗೂ ಹೇಳುವವಳಲ್ಲ ಅನ್ನುವುದು ಗೊತ್ತಾಗಲು ಅವರಿಗೆ ಒಂದು ಗಳಿಗೆ ಬೇಕಾಯಿತು.

“ಕೇಳ್ತೀಯಾ ಅವ್ವ?”

ವೈರಿನ ಒಂದು ತುದಿ ನೀಡಿದರು. ನಾನು ನೆಲದ ಮೇಲೆ ಕೂತು ಕಿವಿಗೆ ಇಟ್ಟುಕೊಂಡೆ.

“ಅಯ್ಯೋ ಬುದ್ಧಿ, ಬೋರ್‌ವೆಲ್ ಕೊರ್ದಂಗದ.”

“ಅದು ಗಿಟಾರ್.”

“ಏನಾಗದ ಅದ್ಕ? ಹುಷಾರಿಲ್ವಾ?”

ಅವರು ನಕ್ಕದ್ದು ಹೊರಗೆ ಕೇಳಿಸಿತು. ಚೊಂಬಿನವನು ಇಣುಕಿದ. “ಒಳ್ಳೇದಾಗ್ಲಿ” ಅಂದು ಅವನನ್ನು ಕಳಿಸಿದರು.

ಆಮೇಲೆ ಹೇಳಿದರು. ಅದು ರಾಕ್ ಅಂತೆ. ರಾಕಿನಲ್ಲೂ ಹೇಳಿದ ಮಾತು ಕೇಳದ ಜಾತಿಯಂತೆ. ಮೇಘಾಲಯದ ಕಡೆಯ ಮೂವರು ಹುಡುಗರು, ಒಬ್ಬಳು ಹುಡುಗಿ. ಮುಚ್ಚಿಹೋದ ಒಂದು ಆಲೂಗಡ್ಡೆ ಗೋದಾಮಿನಲ್ಲಿ ನಲವತ್ತು ದಿನ ಹೊರಗಿನಿಂದ ಬೀಗ ಹಾಕಿಸಿಕೊಂಡು ಒಂಬತ್ತು ಹಾಡು ಮಾಡಿದರಂತೆ. ಒಟ್ಟು ನಲವತ್ತಾರು ನಿಮಿಷ. ಆಲ್ಬಮ್ಮಿಗೆ ಹೆಸರಿಲ್ಲ. ಫೋನಿನಲ್ಲಿ ಅದರ ಚಿತ್ರ ತೋರಿಸಿದರು: ಒಂದು ಖಾಲಿ ಪ್ಲಾಸ್ಟಿಕ್ ಕುರ್ಚಿ, ಮದುವೆ ಮನೆಯಲ್ಲಿ ಸಾಲಾಗಿ ಹಾಕುತ್ತಾರಲ್ಲ ಅಂಥದ್ದು. ಮೈಸೂರಿನಲ್ಲಿ ಎಂ.ಎ. ಓದುವಾಗ ಪಕ್ಕದ ರೂಮಿನ ಗೆಳೆಯ ಕೇಳಿಸಿದ್ದಂತೆ. ಓದು ಮುಗಿಯುತ್ತಲೇ ಮಠದಿಂದ ಕಾರು ಹೋಗಿ ಇವರನ್ನು ಕರೆತಂದಿತು. ಈ ಹಾಡುಗಳು ಮಾತ್ರ ಫೋನಿನಲ್ಲಿ ಜೊತೆಗೆ ಬಂದವು.

ನಾನು ಕೇಳಿದ್ದು ಒಂದೇ. “ನಲವತ್ ದಿನ ಬೀಗ ಹಾಕಿದ್ರ ಊಟ ಯಾರ್ ಕೊಡ್ತಿದ್ರು ಬುದ್ಧಿ?”

ಅವರಿಗೆ ಗೊತ್ತಿರಲಿಲ್ಲ. ಅದನ್ನು ಅಷ್ಟು ವರ್ಷ ಯೋಚನೆಯೇ ಮಾಡಿರಲಿಲ್ಲವಂತೆ.

ಫೋನನ್ನು ಉಗ್ರಾಣದ ರಾಗಿ ಹಿಟ್ಟಿನ ಡ್ರಮ್ಮಿನಲ್ಲಿ ಕವರು ಸುತ್ತಿ ಇಡುವುದು ನನ್ನ ಕೆಲಸವಾಯಿತು. ಬೆಳಿಗ್ಗೆ ಹಾಲಿನ ಜೊತೆ ಒಯ್ಯುವುದು, ಲೋಟದ ಜೊತೆ ತರುವುದು. ಹಾಡು ನನಗೆ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಬಗ್ಗೆ ಮಾತಾಡುವಾಗ ಆ ಮನುಷ್ಯ ಬೇರೆ. ಕೈ ಕಾಲು ಎಲ್ಲ ಆಡುತ್ತಿತ್ತು. ಪ್ರವಚನದಲ್ಲಿ ನಾನು ಅದನ್ನು ಕಂಡಿರಲಿಲ್ಲ.

ದೊಡ್ಡ ಬುದ್ಧಿಯೋರಿಗೆ ಉಸಿರು ಮೇಲಾಯಿತು. ಮಠದ ಆಡಳಿತ ನೋಡುತ್ತಿದ್ದ ಯಜಮಾನರು, ಅವರು ಜೀವದಿಂದಿರುವಾಗಲೇ ಪಟ್ಟ ಕಟ್ಟಿಸಬೇಕು ಅಂತ ದಿನ ಗೊತ್ತು ಮಾಡಿ ಆಹ್ವಾನ ಪತ್ರಿಕೆ ಮಾಡಿಸಿದರು. ಮುದ್ರಣದಲ್ಲಿ ಏನೋ ತಪ್ಪಾಗಿ ಒಂದು ಕಟ್ಟು ವ್ಯರ್ಥವಾಯಿತು. ಆ ಕಟ್ಟು ಮರಿಬುದ್ಧಿಯೋರ ಕೋಣೆ ಸೇರಿತು. ಮುಂದೆ ಅವರದೇ ಫೋಟೋ, ಹಿಂದೆ ಖಾಲಿ. ಖಾಲಿ ಕಡೆಯಲ್ಲಿ ಅವರು ಹಾಡುಗಳ ಬಗ್ಗೆ ಬರೆಯತೊಡಗಿದರು, ಒಂದು ಕಾರ್ಡಿಗೆ ಒಂದು ಹಾಡು. ಬರೆದದ್ದನ್ನು ಬೆಳಿಗ್ಗೆ ನನಗೆ ಓದಿ ಹೇಳುವುದು, ನಾನು ಒಯ್ದು ಒಲೆಗೆ ಹಾಕುವುದು.

“ಸುಡಕ್ಕ ಯಾಕ್ ಬರೀತೀರಿ ಬುದ್ಧಿ?”

“ಹೇಳಕ್ಕೆ ಯಾರೂ ಇಲ್ವಲ್ಲ ಅವ್ವ. ಒಂದು ಚೆನ್ನಾಗಿದೆ, ಒಂದು ಚೆನ್ನಾಗಿಲ್ಲ ಅಂತ ಹೇಳೋದೂ ಒಂದು ಸ್ವಾತಂತ್ರ್ಯ. ನನ್ನ ಅಭಿಪ್ರಾಯ ಅಂತ ಈ ಮಠದಲ್ಲಿ ಇರೋದು ಇಷ್ಟೇ.”

ಹಾಗಾಗಿ ಆ ಅಭಿಪ್ರಾಯ ಈಗ ಇರುವುದು ನನ್ನ ತಲೆಯಲ್ಲಿ ಮಾತ್ರ. ನೆನಪಿದ್ದಷ್ಟು ಹೇಳುತ್ತೇನೆ.

ಮೊದಲನೆಯದು ಹಾಡಲ್ಲ. ಕಬ್ಬಿಣದ ಬಾಗಿಲು ಹಾಕುವ ಸದ್ದು, ಬೀಗದ ಸದ್ದು, ದೂರ ಹೋಗುವ ಹೆಜ್ಜೆ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಕತ್ತರಿಸಿ ಎಸೆಯುತ್ತಿದ್ದರು, ಆ ಹುಡುಗರು ಇಟ್ಟುಕೊಂಡಿದ್ದಾರೆ, ಅದಕ್ಕೆ ಧೈರ್ಯ ಬೇಕು ಅಂತ ಬರೆದಿದ್ದರು. ಎರಡನೆಯದರ ಬಗ್ಗೆ ಏನು ಬರೆದಿದ್ದರೋ ಮರೆತೆ. ಬೋರ್‌ವೆಲ್ ಅದೇ ಇರಬೇಕು. ಮೂರನೆಯದರಲ್ಲಿ ಹುಡುಗಿ ಒಂದೇ ಸಾಲು ಹೇಳುತ್ತಾಳೆ. ಪ್ರತಿ ಸಲ ಒಂದು ಪದ ಬಿಡುತ್ತಾ ಹೋಗಿ ಕೊನೆಗೆ ಉಸಿರು ಮಾತ್ರ ಉಳಿಯುತ್ತದೆ. ಅವರ ಭಾಷೆ ಬುದ್ಧಿಯೋರಿಗೂ ಬರುತ್ತಿರಲಿಲ್ಲ. “ಅರ್ಥ ಆಗಿದ್ರೆ ಕೆಡ್ತಿತ್ತು” ಅಂದರು.

ನಾಲ್ಕನೆಯದೂ ನೆನಪಿಲ್ಲ. ಐದನೆಯದು ಬುದ್ಧಿಯೋರ ಪ್ರಾಣ. ಗೋದಾಮಿನ ತಗಡಿನ ಮೇಲೆ ಮಳೆ ಬಂದಿದೆ, ಏನೂ ಕೇಳಿಸುತ್ತಿಲ್ಲ. ಹುಡುಗರು ನಿಲ್ಲಿಸದೆ ಮಳೆಯನ್ನೇ ಏಳು ನಿಮಿಷ ಹಿಡಿದಿಟ್ಟಿದ್ದಾರೆ. ಡ್ರಮ್ ಬಾರಿಸುವವನು ಏಳು ನಿಮಿಷವೂ ಕೋಲು ಎತ್ತಿಕೊಂಡು ಕೂತು, ಕೊನೆಗೆ ಒಂದೇ ಒಂದು ಏಟು ಹಾಕುತ್ತಾನೆ.

“ಏಳು ನಿಮಿಷ ಕಾದು ಒಂದೇಟಾ? ಕೂಲಿಗ ಬಂದಿದ್ರ ಅಟ್ಬುಡ್ತಿದ್ದೆ ಕಣಿ ನಾನು.”

“ಆ ಏಟಿಗೋಸ್ಕರ ಇನ್ನೂರು ಸಲ ಕೇಳಿವ್ನಿ ಅವ್ವ. ನಾನು ಪ್ರವಚನದಲ್ಲಿ ಏಳು ನಿಮಿಷ ಸುಮ್ನೆ ಕೂತ್ರೆ ಏನಂತಾರೆ ಹೇಳು?”

“ಮೈಕ್ ಕೆಟ್ಟೋಗದ ಅಂತಾರ.”

ಆರನೆಯದನ್ನು ಬೈದಿದ್ದರು. ಜಂಬದ ಹಾಡು, ತಮಗೆ ಏನೇನು ಬರುತ್ತದೆ ಅಂತ ತೋರಿಸಿಕೊಂಡಿದ್ದಾರೆ, ಕೋಣೆಯಲ್ಲಿ ಕೂಡಿಹಾಕಿದವನಿಗೆ ಜಂಬ ಎಲ್ಲಿಂದ ಬರಬೇಕು ಅಂತ. ಏಳೂ ಎಂಟೂ ಒಂದರೊಳಗೊಂದು ಹೆಣೆದುಕೊಂಡಿವೆ, ಬಿಡಿಸಿ ನೋಡಬಾರದು ಅಂದಿದ್ದರು. ನಾನೂ ಬಿಡಿಸುವುದಿಲ್ಲ.

ಜಗಳ ಇದ್ದದ್ದು ಒಂಬತ್ತನೆಯದರ ಮೇಲೆ. ಅದೊಂದು ಮೆದುವಾದ ಹಾಡು. ನನಗೆ ಹಾಡು ಅನ್ನಿಸಿದ್ದು ಅದೊಂದೇ. ಹೆಣ್ಣು ಒಪ್ಪಿಸುವಾಗ ನಾವು ಹೇಳುತ್ತಿದ್ದ ಸೋಬಾನೆಯ ಧಾಟಿ ಇತ್ತು. ನಡುವೆ ಬೀಗ ತೆಗೆಯುವ ಸದ್ದು, ಬಾಗಿಲು ತೆರೆಯುವ ಸದ್ದು, ಆಮೇಲೆ ಹಕ್ಕಿ, ಗಾಳಿ.

“ಇದು ಚೆಂದಾಗದ ಬುದ್ಧಿ.”

“ಎಲ್ರೂ ಹಂಗೇ ಅಂತಾರೆ. ಅದಕ್ಕೇ ಇದು ಮೋಸ. ಎಂಟು ಹಾಡು ನಮ್ಮನ್ನ ಒಳಗೆ ಕೂಡಿಹಾಕಿ, ಕೊನೇಲಿ ಜನ ಖುಷಿಯಾಗಿ ಮನೆಗೆ ಹೋಗ್ಲಿ ಅಂತ ಬಾಗಿಲು ತೆಗೆದುಬುಟ್ಟವ್ರೆ. ಒಳಗಿದ್ದೋರ ಕೈಯಲ್ಲಿ ಬೀಗದ ಕೈ ಇಲ್ಲ. ಹಂಗಾದ್ರೆ ತೆಗೆದೋರು ಯಾರು? ಹೆದರಿಕೊಂಡುಬುಟ್ರು ಅವ್ವ. ಎಂಟಕ್ಕೇ ನಿಲ್ಲಿಸ್ಬೇಕಿತ್ತು.”

“ಹಾಡಲ್ವಾ, ತೆಗೀಲಿ ಬುಡಿ. ನಿಮ್ಮಪ್ಪನ್ ಮನೆ ಗಂಟೇನೋದದು?”

ಹಾಗೆ ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕಾರ್ಡು ನನ್ನ ಕೈಗಿಟ್ಟು, “ಇದನ್ನ ಮೊದ್ಲು ಸುಡು” ಅಂದರು.

ಪಟ್ಟಕ್ಕೆ ಐದು ದಿನ ಉಳಿದಿತ್ತು. ಆ ಬೆಳಿಗ್ಗೆ ಅವರು ಹಾಲು ತೆಗೆದುಕೊಳ್ಳಲಿಲ್ಲ. ಗೋಡೆ ಕಡೆ ತಿರುಗಿ ಹೇಳಿದರು.

“ಶನಿವಾರ ಆ ಹುಡುಗರು ಬೆಂಗಳೂರಿಗೆ ಬಂದು ಹಾಡ್ತಾರೆ. ಗೆಳೆಯನ ರೂಮಿದೆ. ಹೋಗ್ತೀನಿ. ಹೋದ್ರೆ ವಾಪಸ್ ಬರಲ್ಲ ಅವ್ವ. ಎಲ್ಲಾದ್ರೂ ಮೇಷ್ಟರ ಕೆಲಸ ಸಿಗುತ್ತೆ. ಈಗ ನಾನು ಮರಿ. ಮರಿ ಓಡಿಹೋದ್ರೆ ನಾಲ್ಕು ದಿನ ಬೈದು ಇನ್ನೊಂದು ಮರಿ ತರ್ತಾರೆ. ಪಟ್ಟ ಆದಮೇಲೆ ಓಡಿಹೋದ್ರೆ ಮಠನೇ ಮುಳುಗುತ್ತೆ. ಅದು ನನ್ನ ಕೈಲಾಗಲ್ಲ. ಹೋದ್ರೆ ಈಗ.”

ಬೇಡ ಅನ್ನುವುದು ನನ್ನ ಬಾಯಲ್ಲಿ ಬರಲಿಲ್ಲ.

“ಚಾಮರಾಜನಗರದ ಸ್ಟೇಶನ್ ತನಕ ನೀನು ಬರ್ಬೇಕು.”

“ನಾನ್ಯಾಕ ಬುದ್ಧಿ?”

“ಮೈಸೂರು ಬಸ್ಸಲ್ಲಿ ಎಲ್ಲ ನಮ್ಮೋರೇ. ನಗರಕ್ಕೆ ಹೋಗಿ ರೈಲು ಹತ್ತಿದ್ರೆ ಗುರುತು ಹಿಡಿಯೋರು ಕಮ್ಮಿ. ಗಂಡಸು ಒಬ್ಬನೇ ಟೋಪಿ ಎಳ್ಕೊಂಡು ಕೂತ್ರೆ ಮುಖ ನೋಡ್ತಾರೆ. ಪಕ್ಕದಲ್ಲಿ ತಾಯಿ ಇದ್ರೆ ಯಾರೂ ನೋಡಲ್ಲ.”

ಮಾರನೆಯ ದಿನದಿಂದ ಮೌನ ಅನುಷ್ಠಾನ ಅಂತ ಹೇಳಿಬಿಟ್ಟರು. ಪಟ್ಟಕ್ಕೆ ಮುಂಚೆ ಅದು ಇರುವಂಥದ್ದೇ. ಬಾಗಿಲು ಹಾಕಿದರೆ ಸಂಜೆಯವರೆಗೆ ಯಾರೂ ತಟ್ಟುವುದಿಲ್ಲ. ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು ಅಂತ ಯಜಮಾನರಿಗೆ ಹೇಳಿದೆ. ನನ್ನ ಮಗನ ಪ್ಯಾಂಟು ಶರಟು ತಂದುಕೊಟ್ಟೆ. ಗೊಬ್ಬರದ ಅಂಗಡಿಯಲ್ಲಿ ಪುಕ್ಕಟೆ ಕೊಟ್ಟಿದ್ದ ಟೋಪಿ ಒಂದಿತ್ತು, ಅದನ್ನೂ. ನನಗೆ ಮಗ ಅನ್ನುವುದನ್ನು ಕಲಿಸಿದರು. ಬುದ್ಧಿ ಅಂತಲೇ ಬಾಯಿಗೆ ಬರುತ್ತಿತ್ತು. ಕೊಟ್ಟಿಗೆಯಲ್ಲಿ ಕರುವಿನ ಮುಂದೆ ನಿಂತು “ಬಾ ಮಗ, ಕೂತ್ಕ ಮಗ, ನೀರ್ ಬೇಕಾ ಮಗ” ಅಂತ ಅಂದು ಅಂದು ನಾಲಿಗೆ ಪಳಗಿಸಿದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಹೊರಟೆವು. ಹಿತ್ತಲ ಬೇಲಿ ದಾಟಿದ ಮೇಲೆ ಅವರು ನಿಂತು ನನ್ನ ಸೆರಗಿನಿಂದ ಹಣೆ ಒರೆಸಿಕೊಂಡರು. ಹದಿನೇಳು ವರ್ಷ ವಿಭೂತಿ ಹಚ್ಚಿದ ಜಾಗ ಬೇರೆ ಬಣ್ಣಕ್ಕೆ ತಿರುಗಿತ್ತು. ಒರೆಸಿದರೂ ಮೂರು ಗೆರೆ ಹಾಗೇ ಇತ್ತು. ಟೋಪಿ ಕೆಳಕ್ಕೆ ಎಳೆದೆ. ನಾನು ಅವರ ತಲೆ ಮುಟ್ಟಿದ್ದು ಅದೇ ಮೊದಲು.

ಹಂಗಳದಿಂದ ಗುಂಡ್ಲುಪೇಟೆಗೆ ಆಟೋದಲ್ಲಿ ಬಂದೆವು. ಸಾಮಾನಿನ ನಡುವೆ ಹಿಂದೆ ನಾನು, ಮುಂದೆ ಡ್ರೈವರ್ ಪಕ್ಕ ಅವರು, ತೊಂದರೆಯಾಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚಾಮರಾಜನಗರದ ಬಸ್ಸು ನಿಂತಿತ್ತು. ಇಬ್ಬರ ಸೀಟು ಸಿಕ್ಕಿತು. ಅವರು ಕಿಟಕಿ ಪಕ್ಕ ಕೂತರು. ಬಸ್ಸು ಹೊರಟಿತು. ಊರು ದಾಟಿ ಚೆಂಡುಹೂವಿನ ಹೊಲ ಬಂದಾಗ ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಳಿಗೆ ಬೆರಳು ಆಡಿಸಿದರು. ಎರಡು ಬಡಿತ, ಬಿಡುವು, ಐದು ಬಡಿತ.

ನಾನು ನಿಂತೇ ಇದ್ದೆ.

“ಕೂತ್ಕೋ ಅವ್ವ,” ಅಂತ ಸೀಟು ತಟ್ಟಿದರು.

“ಇರ್ಲಿ ಮಗ.”

ಕಂಡಕ್ಟರ್ ಬಂದ. “ಏನಮ್ಮೋ, ಸೀಟ್ ಖಾಲಿ ಅದಲ್ಲ, ಕೂತ್ಕ. ಬ್ರೇಕ್ ಹಾಕುದ್ರ ನನ್ ಮೇಲ ಬಿದ್ದೀಯ.”

ಕೂರಲು ನೋಡಿದೆ. ಮೊಣಕಾಲು ಮಡಿಯಲಿಲ್ಲ. ಇದನ್ನು ಹೇಗೆ ಬರೆಯಬೇಕೋ ಗೊತ್ತಿಲ್ಲ. ನಮ್ಮ ಅಜ್ಜಿ, ನಮ್ಮವ್ವ, ನಾನು, ಯಾರೂ ಸ್ವಾಮಿಗಳ ಸಮಕ್ಕೆ ಕೂತವರಲ್ಲ. ನಾಲಿಗೆಗೆ ಕಲಿಸಿದ್ದೆ, ಕಾಲಿಗೆ ಕಲಿಸಿರಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿತು. ಬೀಳುವ ಹಾಗಾದಾಗ ನನ್ನ ಮೈ ತನಗೆ ಗೊತ್ತಿದ್ದ ಜಾಗ ಹುಡುಕಿಕೊಂಡಿತು. ಸೀಟುಗಳ ನಡುವೆ, ಅವರ ಕಾಲ ಬಳಿ, ನೆಲದ ಮೇಲೆ ಕೂತುಬಿಟ್ಟೆ. ಸೆರಗು ತಲೆಯ ಮೇಲೆ ಎಳೆದುಕೊಂಡೆ. ನನ್ನ ಪಾದ ಅವರಿಗೆ ತಾಗದ ಹಾಗೆ ಮಡಿಸಿಕೊಂಡೆ. ದಿನಾ ಕೂರುವ ಹಾಗೆ.

“ಏಳವ್ವ, ಏಳು,” ಅಂತ ಅವರು ಮೆಲ್ಲಗೆ ನನ್ನ ರಟ್ಟೆ ಹಿಡಿದು ಎಳೆದರು.

ಆಚೆ ಸೀಟಿನಲ್ಲಿ ತೆರಕಣಾಂಬಿಯ ಹೆಂಗಸೊಬ್ಬಳು ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದಳು. ನನ್ನ ವಯಸ್ಸಿನವಳೇ. ನನ್ನನ್ನು ನೋಡಿದಳು, ಅವರನ್ನು ನೋಡಿದಳು.

“ಏನಪ್ಪ, ವಯಸ್ಸಾದ ಅವ್ವನ್ನ ನೆಲುಕ್ಕ ಕೂರ್ಸ್ಬುಟ್ಟು ನೀನು ಸೀಟಲ್ಲಿ ಗಾಳಿ ತಗತಿದ್ದೀಯಲ್ಲ? ಮೂರೂ ಬುಟ್ಟೋನಂಗ! ನಾಚ್ಕ ಆಗಲ್ವಾ ನಿಂಗ? ಹೆತ್ತಿರೋ ಹೊಟ್ಟಗ ಬೆಂಕಿ ಹಾಕ...”

ಅವಳು ಅಂದದ್ದು ಸರಿ. ಮಗನಾಗಿದ್ದರೆ ನಾನೂ ಹಾಗೇ ಬೈಯುತ್ತಿದ್ದೆ. ಸುಮ್ಮನೆ ಕೇಳಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಸ್ವಾಮಿಗಳಿಗೆ ಒಬ್ಬರು ಬೈದದ್ದನ್ನು ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ.

“ಬಾಯ್ ಮುಚ್ಚಮ್ಮಿ! ಯಾರ್ಗ ಅಂತಿದ್ದೀಯ ಅಂತ ಗೊತ್ತಾ ನಿಂಗ? ನಾಲ್ಗ ಸೇದೋದದು ನಿಂದು!”

ಅವಳು ಬಗ್ಗಿ ಟೋಪಿಯ ಕೆಳಗೆ ನೋಡಿದಳು. ಹಣೆಯ ಮೇಲಿನ ಮೂರು ಗೆರೆ ನೋಡಿದಳು.

“ಅಯ್ಯೋ ನಮ್ಮಪ್ಪಾ, ಮರಿಬುದ್ಧಿಯೋರು!”

ಕೆನ್ನೆಗೆ ಪಟಪಟ ಬಡಿದುಕೊಂಡು ಅವರ ಪಾದದ ಮೇಲೆ ಬಿದ್ದಳು. ಅವರು ಇಲ್ಲ ಅನ್ನಬಹುದಿತ್ತು. ನಾನಲ್ಲ, ನಾನು ಯಾರೋ ಅನ್ನಬಹುದಿತ್ತು. ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಅವರ ಬಲಗೈ ತಾನಾಗಿ ಮೇಲೆದ್ದು ಆಶೀರ್ವಾದ ಮಾಡಿಬಿಟ್ಟಿತು. ಎದ್ದ ಕೈಯನ್ನು ಅವರೇ ನೋಡಿದರು, ಬೇರೆ ಯಾರದೋ ಕೈ ನೋಡುವ ಹಾಗೆ. ನನ್ನ ಕಾಲು ಮಾಡಿದ್ದನ್ನು ಅವರ ಕೈ ಮಾಡಿತು. ತಪ್ಪು ಪೂರ್ತಿ ನನ್ನದು ಅಂತ ನಾನು ಒಪ್ಪುವುದಿಲ್ಲ. ಮುಕ್ಕಾಲು ನನ್ನದು.

ಆಮೇಲೆ ಎಲ್ಲರೂ ಎದ್ದರು. ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಬಂತು. “ಬುದ್ಧಿಯೋರು ಬಸ್ಸಲ್ಲಿ ಯಾಕ್ ಬಂದ್ರಿ? ಕಾರ್ ಕೆಟ್ಟೋಯ್ತಾ?” “ಒಬ್ರೇ ಬಂದವ್ರಲ್ಲ, ಮಠುಕ್ಕ ಫೋನ್ ಮಾಡ್ಲಾ!” ಕಂಡಕ್ಟರ್ ಚಪ್ಪಲಿ ಬಿಟ್ಟು ನಿಂತ. ಡ್ರೈವರ್ ತಿರುಗಿ ಕೈಮುಗಿಯಲು ಹೋಗಿ ಬಸ್ಸು ಓಲಾಡಿತು. ಯಾರೂ ಕೆಟ್ಟವರಲ್ಲ. ಒಬ್ಬರಾದರೂ ಕೆಟ್ಟವರಿದ್ದಿದ್ದರೆ ಅವರನ್ನು ಅವರ ಪಾಡಿಗೆ ಬಿಡುತ್ತಿದ್ದರೇನೋ.

ತೆರಕಣಾಂಬಿಗೆ ಬರುವಷ್ಟರಲ್ಲಿ ರಸ್ತೆಗೆ ನೀರು ಹಾಕಿ ಹೂವಿನ ಹಾರ ಹಿಡಿದು ಜನ ನಿಂತಿದ್ದರು. ಅಂಗಡಿಯವರೊಬ್ಬರ ಕಾರು ಬಂದಿತ್ತು. ಸೀಟಿನ ಮೇಲೆ ಮಡಿ ಬಟ್ಟೆ ಹಾಸಿ ಅವರನ್ನು ಕೂರಿಸಿದರು. ನಾನು ಮುಂದೆ ಕೂತೆ. ಅದೇ ಚೆಂಡುಹೂವಿನ ಹೊಲ ಬಂತು, ಕಿಟಕಿಯ ಗಾಜು ಏರಿಸಿತ್ತು.

ಮಠದಲ್ಲಿ ಯಜಮಾನರು ಒಂದು ಗಳಿಗೆ ಅವರ ಮುಖ ನೋಡಿದರು, ಪ್ಯಾಂಟು ನೋಡಿದರು. ಬುದ್ಧಿವಂತ ಮನುಷ್ಯ. ಸೇರಿದ್ದ ಜನರ ಕಡೆ ತಿರುಗಿ, “ಪಟ್ಟುಕ್ಕ ಮುಂಚ ಭಕ್ತರ ಕಷ್ಟ ಕಣ್ಣಾರ ನೋಡ್ಬೇಕು ಅಂತ ವೇಷ ಮರೆಸ್ಕೊಂಡ್ ಹೋಗಿದ್ರು ಕಣ್ರಪ್ಪ, ಇಂಥೋರು ಸಿಕ್ಕಾರಾ ನಮ್ಗ?” ಅಂದರು. ಜನ ಜಯಕಾರ ಹಾಕಿದರು. ಕಥೆ ಹುಟ್ಟಿದ್ದು ಹೀಗೆ. ಆ ಕಥೆಯಲ್ಲಿ ನಾನೂ ಇದ್ದೆನಲ್ಲ, ನನ್ನನ್ನು ಆಗಲೇ ಕಳಿಸುವ ಹಾಗಿರಲಿಲ್ಲ. ಆ ದಿನದಿಂದ ಅವರ ಕೋಣೆಯ ಮುಂದೆ ಇಬ್ಬರು ಕಾವಲು.

ಪಟ್ಟ ಆಯಿತು. ಐದು ಊರಿನ ಜನ ಬಂದಿದ್ದರು. ಅವರ ತಾಯಿ ಹೆಂಗಸರ ಸಾಲಿನಲ್ಲಿ ನಿಂತು, ಸರದಿ ಬಂದಾಗ ಕಾಲಿಗೆ ಬಿದ್ದು ಹೋದರು. ಅವರು ಹೇಳಿದ್ದ ಶನಿವಾರವೂ ಅದೇ ದಿನ. ಆ ಸಂಜೆ ನಾಲ್ಕರಿಂದ ಆರರವರೆಗೆ ಬೆಂಗಳೂರಿನಲ್ಲಿ ಆ ಹುಡುಗರು ಹಾಡುತ್ತಿದ್ದ ಹೊತ್ತಿಗೆ ಇವರು ಕಿರೀಟ ಹಾಕಿಕೊಂಡು ಬೆಳ್ಳಿಯ ಪೀಠದ ಮೇಲೆ ಕೂತಿದ್ದರು. ನಾನು ದೂರದಿಂದ ಅವರ ಬಲಗೈ ನೋಡುತ್ತಿದ್ದೆ. ಬೆರಳು ಆಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೋಣೆಗೆ ನೀರು ಇಡಲು ಹೋದೆ. ಹಣೆಯಲ್ಲಿ ಕಿರೀಟದ ಗುರುತು ಕೆಂಪಗೆ ಕೂತಿತ್ತು.

“ಅವ್ವ, ಒಂಬತ್ತನೇ ಹಾಡಿನ ಬಗ್ಗೆ ನಾನು ಬರೆದಿದ್ದು ತಪ್ಪು.”

“ಸುಟ್ಟಾಯ್ತಲ್ಲ ಬುದ್ಧಿ.”

“ಮೊದಲನೇ ದಿನ ನೀನು ಕೇಳಿದೆ, ನಲವತ್ತು ದಿನ ಊಟ ಯಾರು ಕೊಡ್ತಿದ್ರು ಅಂತ. ಕೊಡೋರು ಒಬ್ರು ಇರ್ಲೇಬೇಕಲ್ಲ. ದಿನಾ ಬಂದು ಹೋಗೋರು. ಬಾಗಿಲು ತೆಗೆದಿರೋದು ಅವರು. ಒಳಗಿದ್ದೋರ ಕೈಲಿ ಆಗೋ ಕೆಲಸ ಅಲ್ಲ ಅದು. ಹಾಡು ಸರಿಯಾಗೇ ಇದೆ. ನನಗೆ ಗೊತ್ತಾಗಿರ್ಲಿಲ್ಲ.”

ನನ್ನನ್ನು ಬೈದರೋ ಇಲ್ಲವೋ ತಿಳಿಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಲಗಲು ಹೋದರೆ ಮೊಣಕಾಲು ನೋಯುತ್ತಿತ್ತು. ಕಾಲುಗಳನ್ನು ಕೈಯಿಂದ ಗುದ್ದಿಕೊಂಡೆ.

ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಪಾದಪೂಜೆಗೆ ಅಂತ ಅರವತ್ತು ಎಪ್ಪತ್ತು ಜನ ತಂಬಿಗೆ ಹಿಡಿದು ಸಾಲು ನಿಂತಿದ್ದರು. ಬಸ್ಸಿನಿಂದ ವಾಪಸ್ ಬಂದ ದಿನವೇ ಫೋನು ಮತ್ತೆ ಹಿಟ್ಟಿನ ಡ್ರಮ್ಮು ಸೇರಿತ್ತು. ನಾನು ಅದನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು, ಹಾಲಿನ ಲೋಟ ಹಿಡಿದು ಸಾಲನ್ನು ದಾಟಿ ಹೋದೆ. ಬಾಗಿಲಲ್ಲಿದ್ದ ಇಬ್ಬರು ಹಾಲು ನೋಡಿ ದಾರಿ ಬಿಟ್ಟರು. ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ಜಡಿದೆ. ಲೋಟ ಅವರ ಕೈಗೆ ಕೊಟ್ಟೆ. ಹಲಗೆ ಮಂಚದ ಮೇಲೆ ಅವರ ಪಕ್ಕದಲ್ಲಿ ಜಾಗ ಇತ್ತು. ಗೋಡೆ ಹಿಡಿದುಕೊಂಡೆ. ಮೊಣಕಾಲು ಆ ದಿನವೂ ಒಪ್ಪಲಿಲ್ಲ, ಒತ್ತಿ ಮಡಿಸಿದೆ. ಅವರು ಸರಿದು ಜಾಗ ಮಾಡಿದರು. ವೈರಿನ ಒಂದು ತುದಿ ಅವರಿಗೆ ಕೊಟ್ಟು ಇನ್ನೊಂದು ನನ್ನ ಕಿವಿಗೆ ಇಟ್ಟುಕೊಂಡೆ.

ಎರಡನೇ ಹಾಡಿಗೆ ಬಾಗಿಲು ತಟ್ಟಿದರು. ಐದನೆಯದರಲ್ಲಿ ಯಜಮಾನರೇ ಬಂದು ಕೂಗಿದರು. “ಏನ್ ಮಾಡ್ತಿದ್ದೀಯಮ್ಮೋ ಒಳಗ? ಜನ ಕಾಯ್ತಾವ್ರ, ಬಾಗ್ಲು ತಗಿ!” ಆ ಬಾಗಿಲಿನ ಲೆಕ್ಕಕ್ಕೇ ಮಧ್ಯಾಹ್ನ ನನ್ನನ್ನು ಮಠದಿಂದ ಕಳಿಸಿದರು. ಬುದ್ಧಿಯೋರನ್ನು ನಾನು ಹತ್ತಿರದಿಂದ ಕಂಡದ್ದು ಅದೇ ಕೊನೆ. ನನ್ನ ಬಗ್ಗೆ ಆಡಿಕೊಂಡರು ಕೂಡ. ಆಡಿಕೊಳ್ಳಲಿ. ಯಜಮಾನರು ಕೂಗಿದಾಗ ಮಳೆಯ ಏಳು ನಿಮಿಷ ನಡೆಯುತ್ತಿತ್ತು, ಡ್ರಮ್ಮಿನವನು ಕೋಲು ಎತ್ತಿಕೊಂಡು ಕೂತಿದ್ದ.

“ಪೂಜೆ ನಡೀತಾದ,” ಅಂತ ನಾನು ಕೂತಲ್ಲಿಂದಲೇ ಕೂಗಿದೆ, “ಇನ್ನೂ ನಾಕ್ ಹಾಡ್ ಅದ, ಇರಿ!”